ಹನ್ನೊಂದು ಸುತ್ತಿನ ನೀರು

ಮೂರನೆಯ ಸುತ್ತಿಗೆ ಮಗಳು ತಿರುಗಿಸುವುದನ್ನು ನಿಲ್ಲಿಸಿದಳು. ಗುಂಡಿಯೊಳಗೆ ಮೊಣಕಾಲೂರಿ, ವಾಲ್ವಿನ ಹಿಡಿ ಬಿಡದೆ, ಪೈಪಿಗೆ ಕಿವಿಯಿಟ್ಟಳು.

"ಬೇಗ ತಿರುಗಿಸಮ್ಮಾ," ಮೇಲಿಂದ ದರ್ಜಿ ಮಾವ ಕೂಗಿದ. "ಅಪ್ಪನ ಕೊನೇ ಸ್ನಾನ ಆಗ್ಬೇಕು. ಗಾಡಿ ಬಂದು ನಿಂತಿದೆ."

"ಬೇಗ ತಿರುಗಿಸಿದ್ರೆ ಒಡೆಯುತ್ತೆ ಮಾವ. ಮೂರು ಸುತ್ತಿಗೊಮ್ಮೆ ನಿಲ್ಲಿಸ್ಬೇಕು."

"ನಿಧಾನಪ್ಪನ ಮಗಳೇ ಸರಿ ನೀನು!" ದರ್ಜಿ ನಗಲು ಹೋಗಿ ಅತ್ತುಬಿಟ್ಟ.

ಅಪ್ಪ ಊರಿನ ನೀರುಗಂಟಿ; ಹೀಗೆ ತಡೆತಡೆದು ನೀರು ಬಿಡುವುದಕ್ಕೇ ಅವನಿಗೆ ನಿಧಾನಪ್ಪ ಎನ್ನುವ ಅಡ್ಡಹೆಸರು. ನಿನ್ನೆ ಸಂಜೆ ಇಪ್ಪತ್ತು ಹೆಜ್ಜೆ ಆಚೆ, ಇದೇ ಪೈಪಿನ ಒಡೆದ ಜಾಗಕ್ಕೆ ರಬ್ಬರ್ ಸುತ್ತಿ ಗಂಟು ಬಿಗಿದ ಮರುಗಳಿಗೆಯೇ ಮಣ್ಣು ಕುಸಿದು ಅವನ ಮೇಲೆ ಬಿದ್ದಿತ್ತು. ನಾಲ್ಕು ದಿನಕ್ಕೊಮ್ಮೆ ಬರುವ ನೀರು ಆರು ದಿನವಾದರೂ ಬಂದಿರಲಿಲ್ಲ. ಬೀದಿಯ ಕೊಡಗಳೆಲ್ಲ ಬರಿದು.

"ಹಳೇ ಪೈಪು ಅಂದ್ರೆ ಅಜ್ಜಿ ಕತೆಯ ಮುದಿ ರಾಕ್ಷಸ ಪುಟ್ಟಿ," ಎನ್ನುತ್ತಿದ್ದ ಅಪ್ಪ. "ತಟಕ್ಕನೆ ಎಬ್ಬಿಸಬಾರದು."

*

ಅವಳಿಗೆ ಹತ್ತು ವರ್ಷವಿದ್ದಾಗ ಅವನ ಜೊತೆ ನೀರಿನ ಕಚೇರಿಗೆ ಹೋಗಿದ್ದಳು. ಹೊಸ ಪೈಪಿಗಾಗಿ ಅಪ್ಪ ಬರೆದ ಒಂಬತ್ತನೆಯ ಅರ್ಜಿ ಅದು.

"ಮಂಜೂರಾಗಿತ್ತು ಕಣಪ್ಪಾ," ಸಾಹೇಬರು ಕನ್ನಡಕ ಒರೆಸಿಕೊಂಡರು. "ಅಷ್ಟರಲ್ಲಿ ಗಡಿ ಬಿಸಿಯಾಯ್ತು. ನಮ್ಮ ದುಡ್ಡೆಲ್ಲ ಯುದ್ಧವಿಮಾನಕ್ಕೆ ಹೋಯ್ತು. ದೇಶ ಉಳಿದ್ರೆ ತಾನೇ ನೀರು?"

"ಎಷ್ಟು ವಿಮಾನ ಸಾರ್?"

"ನಲವತ್ತು."

"ಮೂವತ್ತೊಂಬತ್ತು ಸಾಲಲ್ವಾ ಸಾರ್? ನಮ್ಮೂರಿಗೆ ಒಂದು ವಿಮಾನದ ಬಾಲ ಸಿಕ್ಕಿದ್ರೂ ಸಾಕಿತ್ತು."

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ವಾಪಸು ಬರುವ ದಾರಿಯಲ್ಲಿ ಅಪ್ಪ ಹಳೆಯ ಸೈಕಲ್ ಟ್ಯೂಬೊಂದನ್ನು ಕೊಂಡು, "ಇದನ್ನ ಸುತ್ತಿದ್ರೆ ಇನ್ನೊಂದು ವರ್ಷ ತಳ್ಳಬಹುದು ಬಿಡು" ಅಂದ.

ಹದಿನಾಲ್ಕು ವರ್ಷ ತಳ್ಳಿದ.

*

ಹನ್ನೊಂದನೆಯ ಸುತ್ತಿಗೆ ವಾಲ್ವು ಪೂರ್ತಿ ತೆರೆಯಿತು. ಪೈಪು ತಾಳಿಕೊಂಡಿತು.

ಮೇಲೆ ಹತ್ತಿ ಬಂದರೆ ದರ್ಜಿಯಿಲ್ಲ. ಮನೆಯ ಮುಂದೆ ನರಪಿಳ್ಳೆಯಿಲ್ಲ. ಬಾಗಿಲಲ್ಲಿ ಚಪ್ಪಲಿಗಳ ರಾಶಿಯಷ್ಟೆ. ನಲ್ಲಿ ಗೊರಗುಟ್ಟಿದ್ದು ಕೇಳಿದ್ದೇ ತಡ, ಅಳುತ್ತ ಕೂತಿದ್ದವರೆಲ್ಲ ಬರಿಗಾಲಲ್ಲೇ ತಂತಮ್ಮ ಮನೆಗೆ ಓಡಿದ್ದರು. ಬೀದಿಯುದ್ದಕ್ಕೂ ಕೊಡ ತುಂಬುವ ಸದ್ದು. ಒಳಗೆ ಹಲಗೆಯ ಮೇಲೆ ಅಪ್ಪ ಒಬ್ಬನೇ ಮಲಗಿದ್ದ.

ಅಮ್ಮ ಹಿತ್ತಲ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡನೆಯ ಕೊಡ ಹಿಡಿಯುತ್ತಿದ್ದಳು.

"ಆ ದೊಡ್ಡ ಹಂಡೆ ತಾರೇ, ಬೇಗ! ನಿಮ್ಮಪ್ಪ ಒಂದು ಗಂಟೆಗಿಂತ ಜಾಸ್ತಿ ಬಿಡಲ್ಲ..."

ಕೊಡ ತುಂಬಿ ಹರಿಯಿತು.

ಇಬ್ಬರೂ ಸೇರಿ ನೀರನ್ನು ಒಳಗೆ ತಂದರು. ಅಮ್ಮ ಅರ್ಧ ತಂಬಿಗೆ ಮೊಗೆದು ಅವನ ತಲೆಗೆ ಹುಯ್ದಳು. ಕೂದಲಿನಿಂದ ಕೆಂಪು ಮಣ್ಣು ಇಳಿಯತೊಡಗಿತು.

"ಪೂರ್ತಿ ಹುಯ್ಯಮ್ಮಾ. ಇವತ್ತೊಂದಿನ."

"ಹೂಂ" ಅಂದಳು ಅಮ್ಮ. ಮತ್ತೆ ಅರ್ಧವೇ ಮೊಗೆದಳು. ದಿನಾ ಸ್ನಾನದ ನೀರು ಹಿಡಿದಿಡಲು ಗೋಡೆಗೆ ಒರಗಿಸಿದ್ದ ಬೋಗುಣಿಯನ್ನು ಕಾಲಿನಿಂದ ಮೆಲ್ಲಗೆ ಹಲಗೆಯ ಕೆಳಕ್ಕೆ ಸರಿಸಿದಳು. ಅವನ ಮೈಯಿಂದ ಇಳಿದ ನೀರು ಅದರೊಳಗೆ ತೊಟ್ಟುತೊಟ್ಟಾಗಿ ಬೀಳತೊಡಗಿತು.