ಏನೂ ಹಾಕದ ಸಾಲು

ಕರಿಬಸವಯ್ಯ ಹಾರೆಯ ತುದಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದ. ತೀರಿಕೊಂಡ ಅಣ್ಣ ಮರುಳಪ್ಪನಿಗೆ ಗುಣಿ ತೋಡಬೇಕಾದ ಜಾಗ ಅದು. ತೆಂಗಿನ ತೋಟದ ಪೂರ್ವದ ಅಂಚು, ಅವರಪ್ಪನ ಸಮಾಧಿಯ ಮಗ್ಗುಲು. ಗೆರೆಯ ಮೂಲೆ ಎರಡನೆಯ ಮರದ ಬುಡಕ್ಕೆ ಒಂದು ಮೊಳ ಹತ್ತಿರ ಬಂದಾಗ ಪದ್ಮಕುಮಾರ ಒಂದು ಹೆಜ್ಜೆ ಮುಂದಿಟ್ಟ.

ಬೆಳಗಿನ ರೈಲಿನಲ್ಲಿ ಅವನು ಅರಸೀಕೆರೆಗೆ ಬಂದಿಳಿದದ್ದು ಮರಗಳ ಕಾಯಿ ಎಣಿಸುವುದಕ್ಕೆ. ಸ್ಟೇಷನ್ನಿನ ಹೊರಗೆ ಎಳನೀರು ಮಾರುವವನೇ ಸುದ್ದಿ ಹೇಳಿದ. ರಾತ್ರಿ ಉಂಡು ಮಲಗಿದ ಮರುಳಪ್ಪನವರು ಬೆಳಿಗ್ಗೆ ಏಳಲಿಲ್ಲವಂತೆ. ಬಾಡಿಗೆ ಸೈಕಲ್ಲು ತುಳಿದುಕೊಂಡು ಬಂದವನು, ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದ ಅವರನ್ನು ಕಂಡು ನಾಚಿಕೆಯಿಲ್ಲದೆ ಅತ್ತುಬಿಟ್ಟಿದ್ದ. ಅಳು ಆರುವ ಮೊದಲೇ ಈ ಗೆರೆ.

ಪೂರ್ವದ ಅಂಚಿನ ಆ ಸಾಲಿನ ಹನ್ನೆರಡು ಮರಗಳು ಅವನ ಡಾಕ್ಟರೇಟಿನ ಅರ್ಧ. ಆಚೆಯ ಹನ್ನೆರಡಕ್ಕೆ ವರ್ಷಕ್ಕೆ ಎರಡು ಸಲ ತೂಕ ಮಾಡಿದ ಗೊಬ್ಬರ. ಈ ಹನ್ನೆರಡಕ್ಕೆ ಏನೂ ಇಲ್ಲ, ಒಲೆಯ ಬೂದಿ ಕೂಡ ಇಲ್ಲ. ಎರಡು ಸಾಲಿನ ಫಸಲಿಗೂ ಇರುವ ಅಂತರವನ್ನೇ ಅವನು ಬರೆಯಬೇಕಾಗಿತ್ತು. ಎರಡು ವರ್ಷ ಕಳೆದಿತ್ತು, ಇನ್ನೆರಡು ಬಾಕಿ. ಈಗ ಬೇರು ಕಡಿದು, ಪದ್ಧತಿಯಂತೆ ಗುಣಿಗೆ, ತೆಂಗಿಗೆ ಗೊಬ್ಬರವೇ ಆದ ಉಪ್ಪು ಸುರಿದರೆ ಆ ಸಾಲಿನ ಕತೆ ಮುಗಿದಂತೆಯೇ.

ಮುಗಿದರೆ ನಿನಗೇನು ನಷ್ಟ, ಎಂದಿತು ಅವನ ಮನಸ್ಸು. ಹಳೇಬೀಡಿನ ಚಿಕ್ಕಪ್ಪ ಬೇಲೂರಿನ ಆಫೀಸೊಂದರಲ್ಲಿ ಕೆಲಸ ಗೊತ್ತುಮಾಡಿ ಇಟ್ಟಿದ್ದರು. ಸೋಮವಾರದೊಳಗೆ ಹೂಂ ಅನ್ನಬೇಕು. ಇಪ್ಪತ್ತೇಳು ತುಂಬಿದರೂ 'ನಮ್ಮ ಹುಡುಗ ಇನ್ನೂ ಓದ್ತಾ ಇದಾನೆ' ಎಂದು ನೆಂಟರ ಮುಂದೆ ಹೇಳಿಸಿಕೊಂಡು ಅವನಿಗೂ ಸಾಕಾಗಿತ್ತು. ಈಗ ತೆಪ್ಪಗೆ ನಿಂತರೆ ಸಾಕು. ಹಾರೆಯೇ ಎಲ್ಲವನ್ನೂ ತೀರಿಸುತ್ತದೆ, ಅವನು ಕೈಬಿಟ್ಟ ಎಂದು ಯಾರೂ ಆಡಿಕೊಳ್ಳುವ ಹಾಗಿಲ್ಲ.

*

ಐವತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಅವನು ಮೊದಲ ಸಲ ಬಂದಾಗ ಮರುಳಪ್ಪನವರು ಆಫೀಸರರೇ ಎಂದು ಕೇಳಿದ್ದರು. ಅಲ್ಲ, ಓದುತ್ತಿದ್ದೇನೆ ಎಂದದ್ದಕ್ಕೆ ಅವನ ಮೀಸೆಯನ್ನೇ ನೋಡಿ, ಮೀಸೆ ಬಂದವರು ಓದಿಸೋದು ತಾನೇ ಎಂದು ನಕ್ಕಿದ್ದರು. ಅಂದಿನಿಂದ ಅವನು ಆ ಮನೆಗೆ ಮೇಷ್ಟ್ರು. ಪ್ರಯೋಗಕ್ಕೆ ತೋಟ ಕೊಡಲು ಅವರೇನೂ ತಕರಾರು ಮಾಡಲಿಲ್ಲ. ಏನೂ ಹಾಕದ ಸಾಲು ಮಾತ್ರ ಅವರ ಗಂಟಲಿನಲ್ಲಿ ಇಳಿಯಲಿಲ್ಲ.

"ಒಂದೇ ಮನೆ ಮಕ್ಳು ಇವು. ಒಂದಕ್ಕೆ ಉಣ್ಸಿ, ಇನ್ನೊಂದ್ನ ಸುಮ್ಕೆ ನೋಡ್ತಾ ಕೂತ್ಕೊ ಅಂತೀರಲ್ಲ, ಮೇಷ್ಟ್ರೆ?"

ಪದ್ಮಕುಮಾರ ಪ್ರೊಫೆಸರರು ಹೇಳಿಕೊಟ್ಟದ್ದನ್ನು ಗಿಳಿಪಾಠದಂತೆ ಒಪ್ಪಿಸಿದ್ದ. ಅರ್ಥವಾಯಿತೋ ಇಲ್ಲವೋ, ನಾಲ್ಕು ವರ್ಷಕ್ಕೆ ಅವರು ಮಾತು ಕೊಟ್ಟರು. ಮಕ್ಕಳಿಲ್ಲದ ಮನೆ. ಅವನು ಬರುವ ದಿನ ಮರುಳಪ್ಪನವರೂ ಹೆಂಡತಿ ಮಹದೇವಮ್ಮನವರೂ ಊಟಕ್ಕೆ ಕಾದಿರುತ್ತಿದ್ದರು.

ಬೇಲೂರಿನ ಕೆಲಸದ ವಿಷಯ ಅವನು ಹೇಳಿದ್ದು ಹೋದ ತಿಂಗಳು, ಅದೇ ಊಟದ ಹೊತ್ತಿನಲ್ಲಿ. ಹೋಗಬೇಡಿ ಎಂದು ಅವರು ಹೇಳಲಿಲ್ಲ. ಕೈ ತೊಳೆದು ಬಂದು, ಕೇಳಿದವರಿಗೆ ಏನು ಕೆಲಸ ಅಂತ ಹೇಳುತ್ತೀರಿ ಎಂದರು. ಅವನು ಆಫೀಸಿನ ಹೆಸರು ಹೇಳಿದ.

"ಅದು ನೀವು ಕೂರೋ ಜಾಗ. ನಾ ಕೇಳಿದ್ದು ಕೆಲಸ."



*

ಕರಿಬಸವಯ್ಯ ಹಾರೆ ಎತ್ತಿದ.

"ಅಲ್ಲಿ ಬೇಡ."

ತನ್ನದೇ ದನಿ ಎಂದು ಪದ್ಮಕುಮಾರನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಸುತ್ತ ನಿಂತವರೆಲ್ಲ ತಿರುಗಿ ನೋಡಿದರು. ಈ ಸಾಲು ಬಿಟ್ಟು ಬೇರೆ ಎಲ್ಲಿಯಾದರೂ ಅಗೆಯಿರಿ, ಇನ್ನೂ ಎರಡು ವರ್ಷ ಇದು ನನಗೆ ಬೇಕು ಎಂದು ಅವನು ತೊದಲುತ್ತ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನಿಂದ ಯಾರೋ ಥೂ ಎಂದು ಉಗಿದರು.

ಕರಿಬಸವಯ್ಯ ಹಾರೆ ಹಿಡಿದುಕೊಂಡೇ ಹತ್ತಿರ ಬಂದ.

"ನಮ್ಮಣ್ಣನ ಹೆಣ ಜಗಲಿ ಮ್ಯಾಲೈತೆ. ನಿಮಗೆ ಮರದ ಚಿಂತೆ. ಬೇಲೂರಿಗೆ ಹೊಂಟೋಯ್ತೀನಿ ಅಂದೋರು ನೀವೇ ಅಲ್ವಾ?"

"ಹೋಗಲ್ಲ. ನನ್ನ ಕೆಲಸ ಇದು."

ನಾಚಿಕೆಯಿಂದ ಅವನ ಕಿವಿ ಉರಿಯುತ್ತಿತ್ತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅವನಿಗೆ ಅನ್ನಿಸಲಿಲ್ಲ. ಕರಿಬಸವಯ್ಯ ಅವನ ಅಂಗಿಗೆ ಕೈ ಹಾಕುತ್ತಿದ್ದನೋ ಏನೋ, ಅಷ್ಟರಲ್ಲಿ ಜನ ಬದಿಗೆ ಸರಿದರು. ಹೆಣದ ಪಕ್ಕದಿಂದ ಎದ್ದು ಮಹದೇವಮ್ಮ ತಾವೇ ಬಂದಿದ್ದರು.

ಅಲ್ಲೇ ಅಗಿಯಪ್ಪಾ ಎಂದು ಮೈದುನನಿಗೆ ಹೇಳಿ, ಅವರು ಪದ್ಮಕುಮಾರನ ಕಡೆ ತಿರುಗಿದರು.

"ಮೇಷ್ಟ್ರೆ, ಈ ಮೂಲೆ ಮರ ಹಸ್ಕೊಂಡಿಲ್ಲ. ಬೂದಿ, ಗಂಜಲ, ಉಪ್ಪು, ಎಲ್ಲಾ ಹಾಕವ್ರೆ ನಮ್ಮನೆಯೋರು. ಅಪ್ಪನ ತಲೆ ಮ್ಯಾಲೇ ಗರಿ ಹಳ್ದಿ ಆಯ್ತಾವಲ್ಲಾ ಅಂತ ಒದ್ದಾಡೋರು. ಹೇಳ್ಬಿಡಿ ಅಂದೆ. ಹೇಳಿದ್ರೆ ಮೇಷ್ಟ್ರು ಬರಾದೇ ಬಿಟ್ಬಿಡ್ತಾರೆ ಅಂದ್ರು."

ಹೋದ ಫಸಲಿನಲ್ಲಿ ಈ ಮೂಲೆಯ ಮರಗಳು ಕಾಯಿ ಹೆಚ್ಚು ಬಿಟ್ಟಿದ್ದವು. ಮಣ್ಣಿನ ಗುಣ ಎಂದು ಪದ್ಮಕುಮಾರ ಅದಕ್ಕೆ ಎಂಟು ಪುಟದ ಕಾರಣ ಬರೆದಿದ್ದ, ಪ್ರೊಫೆಸರರು ಶಹಭಾಸ್ ಅಂದಿದ್ದರು. ಎರಡು ವರ್ಷ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತೆಂದು ಸತ್ತವರ ಮೇಲೆ ಕಡುಕೋಪ ಬಂತು. ಜೊತೆಗೇ, ಕೊಟ್ಟ ಮಾತಿಗೂ ಹಸಿದ ಮರಕ್ಕೂ ನಡುವೆ ಸಿಕ್ಕಿಕೊಂಡು ಒಬ್ಬರೇ ಬೇಯುತ್ತಿದ್ದ ಆ ಮನುಷ್ಯನ ಮೇಲೆ ತಡೆಯಲಾರದ ಪ್ರೀತಿಯೂ ಉಕ್ಕಿತು. ಅವನು ಕಣ್ಣೊರೆಸಿಕೊಂಡು ಲೆಕ್ಕದ ಪುಸ್ತಕ ತೆಗೆದ.

"ಯಾವ ಯಾವ ಮರ, ಅವ್ವಾ? ಯಾವ ತಿಂಗಳಿಂದ?"

ಇವನಿಗೆ ತಲೆ ಕೆಟ್ಟಿದೆ ಎಂದು ಕರಿಬಸವಯ್ಯ ಗೊಣಗಿದ. ಮಹದೇವಮ್ಮ ಮಾತ್ರ ಸಾಲಿನುದ್ದಕ್ಕೂ ನಡೆಯತೊಡಗಿದರು. ಮೊದಲನೆಯ ಮರಕ್ಕೆ ಅಂಗೈ ಊರಿ, ಹೋದ ವರ್ಷದ ಶ್ರಾವಣ ಎಂದರು. ಎರಡನೆಯದಕ್ಕೂ ಶ್ರಾವಣವೇ. ಮೂರನೆಯದಕ್ಕೆ ದೀಪಾವಳಿ ಕಳೆದ ಮೇಲೆ. ಹಿಂದುಗಡೆ ಹಾರೆ ಬೇರಿಗೆ ಬಿದ್ದ ಸದ್ದು ಕೇಳಿಸಿತು.

ನಾಲ್ಕನೆಯ ಮರದ ಮುಂದೆ ಅವರು ಕೈ ಎತ್ತಿದರು. ತಲೆಯೆತ್ತಿ ಅದರ ಬಡಕಲು ಸುಳಿಯನ್ನು ನೋಡಿ, ಇದು ಹಸ್ಕೊಂಡೇ ಐತೆ ಎಂದರು. ಎತ್ತಿದ ಕೈಯನ್ನು ಇಳಿಸಿ ಸೆರಗಿನೊಳಗೆ ಇಟ್ಟುಕೊಂಡು, ಅಲ್ಲಿಂದ ಹನ್ನೆರಡನೆಯದರವರೆಗೆ ಒಂದು ಮರವನ್ನೂ ಮುಟ್ಟದೆ ನಡೆದರು.