ಆಟೋಮ್ಯಾಟಿಕ್ ಅಲ್ಲ, ಸೆಮಿ

ನೋರೀನ್ ಅಡುಗೆಮನೆಯಲ್ಲಿ ನಿಂತು, ತಾನು ಬರೆದ ಹಾಳೆಯನ್ನು ಗಟ್ಟಿಯಾಗಿ ಓದಿದಳು. "ನನ್ನ ಮಗಳು ಟೆಸ್‌ಗೆ ಹತ್ತೊಂಬತ್ತು ವರ್ಷ. ಅಂಗಡಿಯ ಗಲ್ಲಾದ ಹಿಂದೆ ನಿಂತಿದ್ದವಳನ್ನು ಒಬ್ಬ ಹುಡುಗ ಆಟೋಮ್ಯಾಟಿಕ್ ರೈಫಲ್ಲಿನಿಂದ..."

"ಸೆಮಿ," ಅಂದ ಗಂಡ ಡ್ವೇನ್, ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸದೆ. "ಆಟೋಮ್ಯಾಟಿಕ್ ಅಲ್ಲ, ಸೆಮಿ ಆಟೋಮ್ಯಾಟಿಕ್."

"ನನ್ನ ಮಗಳೇನು ಸೆಮಿ ಸತ್ತಳಾ?"

"ತಪ್ಪು ಹೇಳಿದ್ರೆ ವಿಚಾರಣೇಲಿ ನಗ್ತಾರೆ, ಅದಕ್ಕೆ ಹೇಳ್ದೆ."

"ನಗಲಿ. ಅವರ ಹಲ್ಲಾದರೂ ನೋಡ್ತೀನಿ."

ಟೆಸ್ ಹೋಗಿ ಎರಡು ವರ್ಷವಾಗಿತ್ತು. ಅಷ್ಟು ದಿನವೂ ಇದೇ ಕಥೆ. ಚರ್ಚಿನಲ್ಲಿ, ನೆಂಟರ ಮನೆಯಲ್ಲಿ, ಟಿವಿಯವರು ಬಂದಾಗ, ನೋರೀನ್ ಬಾಯಿ ತೆರೆದರೆ ಸಾಕು, ಯಾರಾದರೊಬ್ಬರು ಆ ಪದ ಹಿಡಿದು ಜಗ್ಗುತ್ತಿದ್ದರು. ನಮ್ಮ ಕಡೆ ಗುಂಡೇಟಿನಿಂದ ಮಗಳನ್ನು ಕಳೆದುಕೊಂಡವಳು ಅಳಬೇಕೆಂದರೂ ಮೊದಲು ಬಂದೂಕಿನ ಪರೀಕ್ಷೆ ಪಾಸು ಮಾಡಬೇಕು. ಫೇಲಾದವಳಿಗೆ ಅಳುವ ಹಕ್ಕೂ ಇಲ್ಲ. ಹೊರಗಿನವರದ್ದು ಹೇಗೋ ನುಂಗಿಕೊಂಡಳು. ಆದರೆ ಮಗಳ ಅಪ್ಪನೇ ಹಾಗೆ ಮಾಡಿದಾಗ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದೇ ಒಂದು ಸಲ, ಯಾರೂ ತಡೆಯದೆ, ಮಗಳ ಕಥೆಯನ್ನು ಕೊನೆಯವರೆಗೆ ಹೇಳಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಅಂಥ ರೈಫಲ್ಲುಗಳನ್ನು ನಿಷೇಧಿಸುವ ಮಸೂದೆಯ ಮೇಲೆ ರಾಜಧಾನಿಯಲ್ಲಿ ವಿಚಾರಣೆ ಇತ್ತು. ಮಾತಾಡಲು ಹೆಸರು ಕೊಟ್ಟವರಿಗೆ ತಲಾ ಮೂರು ನಿಮಿಷ. ನೋರೀನ್ ಒಬ್ಬಳೇ ಕಾರು ಓಡಿಸಿಕೊಂಡು ಹೋದಳು. ಡ್ವೇನ್ ಬೇಟೆ ಕ್ಲಬ್ಬಿನ ಬಸ್ಸಿನಲ್ಲಿ, ಕ್ಲಬ್ಬಿನ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಬಂದ. ಅವನು ಮಸೂದೆಯ ವಿರುದ್ಧ ಹೆಸರು ಕೊಟ್ಟಿದ್ದ. ಒಂದೇ ಮನೆಯಿಂದ ಎರಡು ಗಾಡಿ. ಅವರ ಸಂಸಾರ ಅಲ್ಲಿಗೆ ಬಂದು ಮುಟ್ಟಿತ್ತು.

ನೋರೀನಳ ಸರದಿ ಬಂತು. ಅವಳು ಓದುತ್ತಾ ಎರಡನೇ ಸಾಲಿಗೆ ಬರುತ್ತಿದ್ದಂತೆ ಸಮಿತಿಯ ಸದಸ್ಯ ಕ್ರೌಡರ್ ಕೈ ಎತ್ತಿದ.

"ಒಂದ್ನಿಮಿಷ ಮೇಡಂ. ಆಟೋಮ್ಯಾಟಿಕ್ ಅಂದ್ರಲ್ಲ. ಒಂದ್ಸಲ ಒತ್ತಿ ಹಿಡಿದ್ರೆ ಗುಂಡು ಸುರೀತಾನೇ ಇರುತ್ತೆ, ಅದು ಆಟೋಮ್ಯಾಟಿಕ್. ಅದು ಬೇರೆ ಸಾಮಾನು. ಒಂದನ್ನ ನಿಷೇಧಿಸಿ ಅಂತ ಕೇಳೋರಿಗೆ ಅದೇನು ಅಂತಾದ್ರೂ ಗೊತ್ತಿರಬೇಕಲ್ವಾ?"

ಕಿತ್ತಳೆ ಟೋಪಿಗಳ ಸಾಲಿನಲ್ಲಿ ನಗೆ ಎದ್ದಿತು. ಕ್ರೌಡರ್ ಹುರುಪುಗೊಂಡು, ಗಾಳಿಯಲ್ಲಿ ಬೆರಳು ಮಡಚಿ ತೋರಿಸುತ್ತಾ ಪಾಠ ಮುಂದುವರಿಸಿದ. ನೋರೀನ್ "ನನ್ನ ಸಮಯ" ಅಂದಳು, ಮತ್ತೊಮ್ಮೆ ಅಂದಳು. ಸಮಯ ಮುಗಿಯಿತೆಂದು ಮೇಜಿನ ಮೇಲೆ ಕೆಂಪು ದೀಪ ಹೊತ್ತಿತು.

"ನಿಮ್ಮ ದುಃಖದಲ್ಲಿ ನಾವೂ ಇದ್ದೀವಿ ಮೇಡಂ," ಅಂದ ಕ್ರೌಡರ್. ಆ ಬಾಯಿಗೆ ಬೆಂಕಿ ಹಾಕಬೇಕು ಅನ್ನಿಸಿತು ಅವಳಿಗೆ.

ಸ್ವಲ್ಪ ಹೊತ್ತಿಗೆ ಡ್ವೇನ್‌ನ ಹೆಸರು ಕರೆದರು. ಅವನು ಮೈಕಿನ ಮುಂದೆ ಕೂತ.

"ಸಾಹೇಬರು ಹೇಳಿದ್ದು ಸರಿ. ಅದು ಸೆಮಿ. ಮನೇಲೂ ನಾನು ಇವಳಿಗೆ ಇದನ್ನೇ ಹೇಳ್ತಾ ಬಂದಿದೀನಿ."

ನೋರೀನ್ ಎದ್ದು ಹೊರಡಲು ಬ್ಯಾಗು ಎತ್ತಿಕೊಂಡಳು.

"ಒಂದ್ಸಲ ಒತ್ತಿದ್ರೆ ಒಂದೇ ಗುಂಡು," ಅಂದ ಡ್ವೇನ್. "ಇನ್ನೊಂದು ಬೇಕಂದ್ರೆ ಬೆರಳು ಸಡಿಲ ಬಿಟ್ಟು ಮತ್ತೆ ಒತ್ತಬೇಕು. ನನ್ನ ಮಗಳಿಗೆ ನಾಲ್ಕು ಗುಂಡು ಬಿದ್ದಿತ್ತು. ಮೊದಲನೇದಕ್ಕೇ ಅವಳು ನೆಲಕ್ಕೆ ಬಿದ್ದಿದ್ಲು. ಬಿದ್ದವಳನ್ನ ನೋಡ್ಕೊಂಡು ಅವನು ಮತ್ತೆ ಒತ್ತಿದ. ಮತ್ತೆ ಒತ್ತಿದ. ಮತ್ತೆ. ಆಟೋಮ್ಯಾಟಿಕ್ ಅಂದ್ಬಿಟ್ರೆ ಅವನು ಒತ್ತಿದ್ದು ಒಂದೇ ಸಲ ಅಂತಾಗುತ್ತೆ. ಅಷ್ಟು ಸುಲಭಕ್ಕೆ ನಾನು ಅವನನ್ನ ಬಿಡಲ್ಲ. ಅದಕ್ಕೇ ತಿದ್ತಿದ್ದೆ. ನನ್ನ ಹತ್ರಾನೂ ಅಂಥದ್ದೊಂದಿದೆ. ಅದರ ಪರ ಮಾತಾಡೋಣ ಅಂತಲೇ ಬಂದೆ. ಬಾಯಿ ಬರ್ತಿಲ್ಲ. ಕಾನೂನು ಮಾಡಿ, ತಗೊಂಡು ಹೋಗಿ."

ಕ್ರೌಡರ್ ಕಾಗದ ತಿರುವಿದ.

"ಸರಿಯಾದ ಪದ ಬಳಸಿದ್ದಕ್ಕೆ ಥ್ಯಾಂಕ್ಸ್," ಅಂದು ಮುಂದಿನವರ ಹೆಸರು ಕರೆದ.

ಹೊರಗೆ ಕಾರಿನ ಹತ್ತಿರ ನೋರೀನ್ ಗಂಡನ ಮೇಲೆ ಹರಿಹಾಯ್ದಳು. "ಇದನ್ನ ಹೊಟ್ಟೇಲಿಟ್ಕೊಂಡು ಎರಡು ವರ್ಷ ನನಗೆ ವ್ಯಾಕರಣ ಪಾಠ ಮಾಡಿದ್ಯಾ?"

"ಹೇಳಿದ್ರೆ ನೀನೂ ಎಣಿಸೋಕೆ ಶುರು ಮಾಡ್ತಿದ್ದೆ."

"ನಾನು ಎಣಿಸ್ತಿಲ್ಲ ಅಂತ ನಿನಗೆ ಯಾರು ಹೇಳಿದ್ರು?"

ಕ್ಲಬ್ಬಿನ ಬಸ್ಸಿನಿಂದ ಡ್ವೇನ್‌ನ ಗೆಳೆಯ ರಸ್ಟಿ ಕೂಗಿದ. "ಬರ್ತೀಯೇನಯ್ಯಾ, ಇಲ್ಲ ಹೆಂಡ್ತಿ ಸೆರಗು ಹಿಡ್ಕೊಂಡು ಹೋಗ್ತೀಯಾ?" ಡ್ವೇನ್ ಆ ಕಡೆ ತಿರುಗಲಿಲ್ಲ. ಕಾರಿನ ಬಾಗಿಲು ತೆಗೆದು ಕೂತ.

ನೋರೀನ್ ತನ್ನ ಹಾಳೆಗಳನ್ನು ಅವನ ತೊಡೆಯ ಮೇಲೆ ಎಸೆದಳು. "ಒಂದೂವರೆ ಪುಟ ಇದೆ. ಎರಡನೇ ಸಾಲಿನಿಂದ ಮುಂದೆ ಯಾರೂ ಕೇಳಿಲ್ಲ, ನೀನೂ ಕೇಳಿಲ್ಲ. ನಾನು ಓಡಿಸ್ತೀನಿ, ನೀನು ಓದು. ಗಟ್ಟಿಯಾಗಿ. ಒಂದು ಪದ ತಿದ್ದಿದ್ರೆ ದಾರೀಲೇ ಇಳಿಸಿ ಹೋಗ್ತೀನಿ."

ಅವನು ಓದತೊಡಗಿದ. ಎರಡನೇ ಸಾಲನ್ನು ಅವಳು ಬರೆದಂತೆಯೇ, ಆಟೋಮ್ಯಾಟಿಕ್ ಎಂದೇ ಓದಿದ. "ಆವತ್ತು ಚಳಿ ಅಂತ ಟೆಸ್ ತನ್ನ ಅಪ್ಪನ ಬೇಟೆ ಕೋಟು ಹಾಕಿಕೊಂಡು ಹೋಗಿದ್ದಳು," ಎಂದು ಓದಿ ನಿಲ್ಲಿಸಿಬಿಟ್ಟ.

"ಓದು," ಅಂದಳು ನೋರೀನ್.