ಆಯುಧ ಪೂಜೆಯ ರಾತ್ರಿ ವ್ಯಾನಿನಲ್ಲೇ ಉಳಿದ ಹಾರ್ಮೋನಿಯಂ

ಹೊಸಹಳ್ಳಿಯ ನಮ್ಮ ಬೀದಿಯಲ್ಲಿ ಕತ್ತಲಾದ ಮೇಲೆ ವ್ಯಾನ್ ನಿಲ್ಲಿಸಲು ಜಾಗ ಸಿಗುವುದಿಲ್ಲ. ಸಿಕ್ಕಿದರೆ ಸಾಕು, ಬೀಗ ಹಾಕಿ ಮೇಲೆ ಹೋಗಿಬಿಡುತ್ತಾರೆ. ಒಳಗೆ ತಬಲ ಇದೆಯೋ, ಕೀಬೋರ್ಡ್ ಇದೆಯೋ, ಬೆಳಿಗ್ಗೆ ನೋಡಿಕೊಂಡರಾಯಿತು! ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಕೆಂಪಯ್ಯ ಮೇಷ್ಟ್ರ ಮನೆಯಲ್ಲಿ ಆದದ್ದನ್ನು ಓದಿ, ನಿಮಗೂ ಉರಿಯುತ್ತದೆ.

ಕೆಂಪಯ್ಯ ಹಾರ್ಮೋನಿಯಂ ಮೇಷ್ಟ್ರು. ಸುತ್ತಮುತ್ತಲ ಊರುಗಳಿಗೆಲ್ಲ ಪೌರಾಣಿಕ ನಾಟಕ ಕಲಿಸಿದವರು. ಈಗ ಮಗ ಸುಬ್ರಮಣಿಯ ಜೊತೆ ರಂಗಗೀತೆಗಳ ತಂಡ ನಡೆಸುತ್ತಾರೆ. ಸುಬ್ರಮಣಿ ತಬಲ ನುಡಿಸುತ್ತಾನೆ, ವ್ಯಾನನ್ನೂ ಓಡಿಸುತ್ತಾನೆ. ಹಾಡುವವರು ಮೇಷ್ಟ್ರು ಈಗ ಇರುವ ಕಟ್ಟಡದ ನೆಲಮಹಡಿಯ ಅಂಬುಜಾ.

ಮೇಷ್ಟ್ರ ಹಾರ್ಮೋನಿಯಂ ಅವರ ಮದುವೆಯ ಕಾಲದ್ದು. ಗಾಳಿ ಒತ್ತುವ ತಿದಿ ಒಮ್ಮೆ ಮಡಿಕೆಯಲ್ಲಿ ಹರಿದಾಗ, ಹೆಂಡತಿ ಅಂಜಮ್ಮ ತಮ್ಮ ಧಾರೆ ಸೀರೆಯ ಸೆರಗಿನಿಂದ ಒಂದು ಪಟ್ಟಿ ಕತ್ತರಿಸಿ ಅಂಟಿಸಿದ್ದರು. ಅಂಜಮ್ಮ ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ರೇಷ್ಮೆ ಪಟ್ಟಿ ಮಾತ್ರ ಇನ್ನೂ ಗಾಳಿ ಹಿಡಿದುಕೊಂಡಿತ್ತು.

ಅಂಜಮ್ಮ ಇದ್ದಾಗ ಅವರದು ಹೆಂಚಿನ ಮನೆ. ಹಾರ್ಮೋನಿಯಂ ನಡುಮನೆಯಲ್ಲಿ, ಮಣೆಯ ಮೇಲೆ, ಗೋಡೆಗೆ ತಾಗದ ಹಾಗೆ ಇರುತ್ತಿತ್ತು. ಕೆಂಗೇರಿ ಕಡೆ ನಾಟಕ ಮುಗಿಸಿ ಮೇಷ್ಟ್ರು ಬೆಳಗಿನ ಬಸ್ಸಿಗೆ ಬಂದರೆ, ಬಾಗಿಲಲ್ಲಿ ಅಂಜಮ್ಮನ ಮೊದಲ ಮಾತು, "ಪೆಟ್ಟಿಗೆ ಬಂತಾ?" ಆಮೇಲೆ, "ಕಾಫಿ ಕುಡಿದ್ರಾ?" ಮುಚ್ಚಳ ತೆಗೆದರೆ ಹಳೆ ಮರದ ಜೊತೆ ಲವಂಗದ ವಾಸನೆ ಬರುತ್ತಿತ್ತು. ಹುಳು ಬೀಳದಿರಲಿ ಎಂದು ಅಂಜಮ್ಮ ಇಟ್ಟ ಲವಂಗ. ಆ ಬೀದಿಯಲ್ಲಿ ಬೆಳೆದ ಯಾರನ್ನು ಕೇಳಿದರೂ ಆ ವಾಸನೆ ಗೊತ್ತು.

ಮನೆ ಕೆಡವಿದ ಜಾಗದಲ್ಲಿ ಕಟ್ಟಡ ಎದ್ದಿತು. ಮೇಷ್ಟ್ರು ಮೂರನೇ ಮಹಡಿ ಸೇರಿದರು. ಲಿಫ್ಟ್ ಇಲ್ಲ, ಮಂಡಿ ನೋವು ಬೇರೆ. ಹಾರ್ಮೋನಿಯಂ ವ್ಯಾನಿನಲ್ಲೇ ಮಲಗತೊಡಗಿತು.

ಕಳೆದ ಆಯುಧ ಪೂಜೆಗೆ ಸುಬ್ರಮಣಿ ವ್ಯಾನ್ ತೊಳೆದು ಬಾಳೆಕಂದು ಕಟ್ಟಿದ. ಹಿಂದಿನ ಸೀಟು ಮಡಚಿ ಹಾರ್ಮೋನಿಯಂ, ತಬಲ, ಸ್ಪೀಕರ್ ಎಲ್ಲ ಜೋಡಿಸಿ ಕುಂಕುಮವಿಟ್ಟ. ವಾದ್ಯಕ್ಕೂ ವಾಹನಕ್ಕೂ ಸೇರಿಸಿ ಒಂದೇ ಉದ್ದನೆಯ ಚೆಂಡುಹೂವಿನ ಹಾರ. ಹಾರ ಒಳಗಿನಿಂದ ಹೊರಗೆ ಬರಬೇಕಲ್ಲ, ಕಿಟಕಿಯ ಗಾಜನ್ನು ಬೆರಳಷ್ಟು ಇಳಿಸಿದ. ಕುಂಬಳಕಾಯಿ ಒಡೆದು, ಬೀದಿಗೆಲ್ಲ ಕಡ್ಲೆಪುರಿ ಹಂಚಿದರು.

ಸಂಜೆ ಮೋಡ ಕವಿಯಿತು. ಅಂಬುಜಾ ಹೊರಗೆ ಬಂದರು.

"ಮೇಷ್ಟ್ರೇ, ಪೆಟ್ಟಿಗೆ ಒಳಗೆ ತಗೊಳಲ್ವಾ?"

"ಪೂಜೆ ಆಗಿರೋದಮ್ಮ. ನಾಳೆವರ್ಗೂ ಕದಲಿಸೋ ಹಂಗಿಲ್ಲ."

ಸುಬ್ರಮಣಿ ನಕ್ಕ. "ಅಕ್ಕಾ, ಹೊಸ ಅಲಾರಂ ಹಾಕ್ಸಿದೀನಿ. ಯಾರಾದ್ರೂ ಮುಟ್ಲಿ ನೋಡಣ, ಬೀದಿ ಬೀದೀನೇ ಎದ್ದು ಕೂರುತ್ತೆ."

"ಮಳೆ ಮುಟ್ಟಿದ್ರೂ ಕೂಗುತ್ತೇನೋ?"

"ಅಯ್ಯೋ ಬಿಡಕ್ಕ."

"ಬಿಡ್ತೀನಿ ಕಣೋ. ಸ್ಪೀಕರ್ ಗಾಜಲ್ಲಿ ಕಾಣೋ ಹಂಗೆ ಜೋಡಿಸಿದೀಯಾ, ಹೂ ಬೇರೆ ಹಾಕಿದೀಯಾ. ಕಳ್ಳನಿಗೆ ತಾಂಬೂಲ ಕೊಟ್ಟು ಕರೆಯೋದೊಂದು ಬಾಕಿ!"

ಸೊಸೆ ಕಲಾ ಮುಂದೆ ಬಂದಳು. "ಮಾವ, ಅಕ್ಕ ಹೇಳೋದು ಸರಿ. ಬನ್ನಿ, ನಾನೂ ಒಂದು ಕೈ ಹಿಡೀತೀನಿ."

"ನಮ್ಮಪ್ಪನ ಕಾಲದಿಂದ ನಡ್ಕೊಂಡು ಬಂದಿರೋದು. ಕದಲಿಸಬಾರದು ಅಂದ್ರೆ ಕದಲಿಸಬಾರದು."

"ನಡ್ಕೊಂಡು ಬಂದಿದ್ದು ನಡುಮನೇಲಿ ಮೇಷ್ಟ್ರೇ, ಬೀದೀಲಲ್ಲ," ಎಂದರು ಅಂಬುಜಾ. ಮೇಷ್ಟ್ರು ಮೆಟ್ಟಿಲು ಹತ್ತಿದರು.

ರಾತ್ರಿಯೆಲ್ಲ ಮಳೆ ಹೊಡೆಯಿತು. ಹಾರಕ್ಕೆಂದು ಇಳಿಸಿದ ಗಾಜನ್ನು ಯಾರೂ ಏರಿಸಿರಲಿಲ್ಲ.

ಬೆಳಿಗ್ಗೆ ಅನ್ನಪೂರ್ಣೇಶ್ವರಿ ನಗರದ ದೇವಸ್ಥಾನವೊಂದರಲ್ಲಿ ಕಾರ್ಯಕ್ರಮ. ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಒಂದು ಸ್ವರ ಒತ್ತಿದರು. ಬೆರಳು ತೆಗೆದರು. ಸ್ವರ ನಿಲ್ಲಲಿಲ್ಲ. ನೀರು ಕುಡಿದ ಮರ ಉಬ್ಬಿ, ಬೆರಳು ಒತ್ತಿದ ಸ್ವರದ ಮನೆ ಮೇಲೇಳದೆ ಕಚ್ಚಿಕೊಂಡಿತ್ತು. ತಿದಿ ಎಳೆದರೆ ಗಾಳಿ ಉಸ್ಸೆಂದು ಸೋರಿತು. ಅಂಬುಜಾ ಮೊಬೈಲಿನ ಶ್ರುತಿಗೆ ಹಾಡಿ ಮುಗಿಸಿದರು. ಮೇಷ್ಟ್ರು ಕಂಬದ ಪಕ್ಕ ಕೈ ಕಟ್ಟಿಕೊಂಡು ಕೂತಿದ್ದರು. ನಾಲ್ಕು ಊರಿಗೆ ಹಾಡು ಕಲಿಸಿದ ಕೈ ಅದು!

ಮನೆಗೆ ಬಂದು ಅಂಬುಜಾರ ಮನೆಯ ಹಾಲ್‌ನಲ್ಲಿ ಪೆಟ್ಟಿಗೆ ಬಿಚ್ಚಿದರು. ಅಂಜಮ್ಮನ ರೇಷ್ಮೆ ಪಟ್ಟಿ ಒದ್ದೆಯಾಗಿ ಒಂದು ತುದಿ ಬಿಟ್ಟುಕೊಂಡು ನೇತಾಡುತ್ತಿತ್ತು. ಮೇಷ್ಟ್ರು ಆ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದರು. "ಸುಬ್ಬೂ, ಟೆರೇಸಿಗೆ ತಗೊಂಡು ಹೋಗೋ, ಬಿಸಿಲಿಗೆ ಇಡೋ ಬೇಗ!"

ಅಂಬುಜಾ ಅಡ್ಡ ನಿಂತರು. "ಬೇಡಿ ಮೇಷ್ಟ್ರೇ. ಒದ್ದೆ ಮರ ಬಿಸಿಲಿಗೆ ಸೀಳುತ್ತೆ. ನಮ್ಮಪ್ಪನ ತಂಬೂರಿ ಒಣಗಿದ್ದೇ ಇತ್ತು, ಮಧ್ಯಾಹ್ನ ಮುಚ್ಚಿದ ಕಾರಲ್ಲಿ ಬಿಟ್ವಿ, ಕಾವಿಗೆ ಅಂಟು ಬಿಟ್ಟು ಬುರುಡೆ ಬಾಯಿ ತೆಗೀತು. ನೆರಳಲ್ಲಿ ತೆರೆದಿಡಿ. ರಿಪೇರಿಯವರು ಬಂದು ನೋಡ್ಲಿ."

ರಿಪೇರಿಯ ಬಸಪ್ಪ ಬಂದು ನೋಡಿದ. "ಸ್ವರ ಸರಿ ಮಾಡ್ಕೊಡ್ತೀನಿ ಮೇಷ್ಟ್ರೇ. ಈ ರೇಷ್ಮೆ ಮಾತ್ರ ಇನ್ನೊಂದ್ಸಲ ನೆನೆದ್ರೆ ಪುಡಿಯಾಗುತ್ತೆ. ಕಿತ್ತು ಹೊಸ ಚರ್ಮ ಹಾಕ್ಲಾ?"

"ಕೀಳ್ಬೇಡ!" ಮೇಷ್ಟ್ರು ಕೂಗಿಬಿಟ್ಟರು. ಆಮೇಲೆ ಮೆಲ್ಲಗೆ, "ಅದನ್ನೇ ಅಂಟಿಸಪ್ಪ. ಇನ್ಮೇಲೆ ನೆನೆಯೋಕೆ ಬಿಡಲ್ಲ."

"ಮುಂದಿನ ವರ್ಷ ಪೂಜೆ?" ಸುಬ್ರಮಣಿ ಕೇಳಿದ.

ಅಂಬುಜಾ ಹೇಳಿದರು, "ಕಳಶ ಇಟ್ಟ ಮೇಲೆ ಏನೋ ಮಾಡ್ತೀವಿ? ಆರತಿ ಎತ್ತಿ, ಅಕ್ಷತೆ ಹಾಕಿ, ಚೂರು ಉತ್ತರಕ್ಕೆ ಕದಲಿಸಿ ಎತ್ತಿಡಲ್ವಾ? ದೇವರಿಗೇ ಅಷ್ಟು ಸಾಕಾದ್ರೆ ಪೆಟ್ಟಿಗೆಗೆ ಸಾಕಾಗಲ್ವಾ?"

ಮೇಷ್ಟ್ರು ಆವತ್ತು ಮೊದಲ ಸಲ ನಕ್ಕರು. "ಒಪ್ದೆ ಕಣಮ್ಮ. ಮೂರು ಮಹಡಿ ಹೊರೋದು ಯಾರು?"

"ಯಾಕೆ ಹೊರ್ಬೇಕು? ನಮ್ಮ ಹಾಲಲ್ಲಿಡಿ. ನೀವೂ ಇಳಿದು ಬಂದು ಇಲ್ಲೇ ಸಾಧನೆ ಮಾಡಿ. ಮಂಡಿಗೂ ಒಳ್ಳೇದು."

ಈಗ ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಸುಬ್ರಮಣಿ ವ್ಯಾನನ್ನು ಅಂಬುಜಾರ ಬಾಗಿಲಿಗೇ ತರುತ್ತಾನೆ. ಮೊನ್ನೆ ಹಿಂದಿನಿಂದ ಒಬ್ಬ ಕಾರಿನವನು ಒಂದೇ ಸಮ ಹಾರ್ನ್ ಹೊಡೆದ.

"ಒಂದ್ನಿಮಿಷ ಗುರು, ಇವರನ್ನ ಇಳಿಸ್ಕೊಂಡು ಬಿಡ್ತೀನಿ," ಎಂದ ಸುಬ್ರಮಣಿ.

"ಯಾರಪ್ಪ, ವಯಸ್ಸಾದವರಾ?"

ಸುಬ್ರಮಣಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. "ಹೂಂ ಗುರು. ನಮ್ಮಮ್ಮ."

ಈಗ ನೀವು ಹೇಳಿ. ನಿಮ್ಮ ಮೃದಂಗ, ನಿಮ್ಮ ಗಿಟಾರು, ಭಜನೆ ಮಂಡಳಿಯ ಮೈಕು ಎಲ್ಲಿದೆ? ವಾಹನದಲ್ಲಾ? ಸುಸ್ತಾಗಿದೆ, ಬೆಳಿಗ್ಗೆ ಮತ್ತೆ ಹೋಗಬೇಕು ಅನ್ನುತ್ತೀರಿ. ಸುಸ್ತು ಬೆಳಗಾದರೆ ಹೋಗುತ್ತದೆ, ಸೀಳಿದ ಮರ ಕೂಡಿಕೊಳ್ಳುವುದಿಲ್ಲ. ಮೆಟ್ಟಿಲು ಹತ್ತಲಾಗದಿದ್ದರೆ ಕೆಳಗಿನ ಮನೆಯವರನ್ನು ಕೇಳಿ, ನಾಚಿಕೆ ಯಾಕೆ? ವಾಹನದಲ್ಲೇ ಬಿಡದೆ ಬೇರೆ ದಾರಿಯೇ ಇಲ್ಲದ ಒಂದು ರಾತ್ರಿ ಬಂದರೆ ಸೂರಿನ ಕೆಳಗೆ ನಿಲ್ಲಿಸಿ, ಗಾಜು ಪೂರ್ತಿ ಏರಿಸಿ, ಹೊರಗೆ ಕಾಣದ ಹಾಗೆ ಹೊದಿಸಿ. ಒದ್ದೆ ಹೂ, ಒದ್ದೆ ಬಟ್ಟೆ ಒಳಗೆ ಬಿಡಬೇಡಿ. ವ್ಯಾನ್ ನಿಂತ ಜಾಗದ ಫೋಟೋ ಸ್ಟೇಟಸ್‌ಗೆ ಹಾಕಿ ಊರಿಗೆಲ್ಲ ಸಾರಬೇಡಿ. ವಾದ್ಯದ ಫೋಟೋ, ಅದರ ಮೇಲಿನ ನಂಬರು ನಿಮ್ಮ ಹತ್ತಿರ ಇರಲಿ, ಕಳೆದುಹೋದರೆ ದೂರು ಕೊಡಲು ಬೇಕಾಗುತ್ತದೆ.

ಓದಿ ಮುಗಿಯಿತಲ್ಲ, ಕೀಲಿ ತಗೊಂಡು ಕೆಳಗಿಳಿಯಿರಿ. ನಿಮ್ಮ ಮನೆಯ ಹಾಡು ಬೀದಿಯಲ್ಲಿ ಮಲಗಬಾರದು.